ಜೀಪಿನ ಎಂಜಿನ್ನಿಗೆ ಕೆರೆಯಲ್ಲೊಂದು ಕೆಲಸ

ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಹೊರಬಂದ ಫಾರ್ಚೂನರ್ ಗಾಡಿಗಳು ಶಾಸಕರ ಮನೆ ಮುಂದೆ, ತೋಟದ ಮಣ್ಣುದಾರಿಯಲ್ಲಿ, ಮದುವೆ ಛತ್ರದ ಬಾಗಿಲಲ್ಲಿ ಕಾಣಸಿಗುತ್ತವೆ. ನೀರಿನ ಮೇಲೆ ಯಾರೂ ನೋಡಿರಲಿಕ್ಕಿಲ್ಲ. ಆದರೆ 2009ರಿಂದ ಕೆಲವು ವರ್ಷ ಆ ಗಾಡಿಯ ಬಾನೆಟ್ಟಿನಡಿ ಇದ್ದ 2982 ಸಿಸಿಯ ಡೀಸೆಲ್ ಎಂಜಿನ್, ಕಂಪನಿಯ ಪಟ್ಟಿಯಲ್ಲಿ 1ಕೆಡಿ ಎಂದು ಹೆಸರಾದದ್ದು, ಜಪಾನಿನಲ್ಲಿ ಸಮುದ್ರಕ್ಕೂ ಇಳಿದಿದೆ. ಟೊಯೊಟಾ 1997ರಲ್ಲಿ ಪೋನಮ್ ಎಂಬ ಹೆಸರಿನ ವಿಹಾರದೋಣಿಗಳನ್ನು ಮಾರಲು ಶುರುಮಾಡಿತು. ಅವುಗಳಲ್ಲಿ ಕೆಲವಕ್ಕೆ ಕೂರಿಸಿದ್ದು ಲ್ಯಾಂಡ್ ಕ್ರೂಸರ್ ಪ್ರಾಡೊ ಜೀಪಿನ ಇದೇ 1ಕೆಡಿ ಎಂಜಿನ್ನನ್ನು, ತಂಪು ಮಾಡುವ ವ್ಯವಸ್ಥೆ ಬದಲಿಸಿ, ಉಪ್ಪುನೀರಿಗೆ ಒಗ್ಗಿಸಿ. ಬಿಡದಿಯಲ್ಲಿ ನೆಲೆಯೂರಿದ ಟೊಯೊಟಾ ಕಿರ್ಲೋಸ್ಕರ್ ಮೋಟರ್ ಹುಟ್ಟಿದ ವರ್ಷವೂ 1997.

ಈ ನಂಟು ಅಲ್ಲಿಗೇ ಮುಗಿಯಲಿಲ್ಲ. ಯಾನ್ಮಾರ್ ಎಂಬ ಜಪಾನಿನ ಇನ್ನೊಂದು ಕಂಪನಿ ಮಾರುವ 4ಎಲ್‌ವಿ ದೋಣಿ ಎಂಜಿನ್ನಿನ ಗಾತ್ರ 2755 ಸಿಸಿ. ಈಗಿನ ಫಾರ್ಚೂನರ್‌ನ ಡೀಸೆಲ್ ಎಂಜಿನ್ನಿನದೂ ಅಷ್ಟೇ. ಎರಡರ ಸಿಲಿಂಡರಿನ ಅಳತೆಯೂ ಒಂದೇ. ಆ ಜಾತಿಯ ಎಂಜಿನ್ನುಗಳು ತಯಾರಾಗುವ ಕಾರ್ಖಾನೆಗಳಲ್ಲೊಂದು ಬಿಡದಿಗೆ ದೂರವೇನಲ್ಲದ ಜಿಗಣಿಯಲ್ಲಿದೆ.

ಗಾಡಿಯ ಎಂಜಿನ್ನನ್ನು ದೋಣಿಗೆ ಕೂರಿಸುವ ಕೆಲಸವನ್ನು ಕಂಪನಿ ಮಾಡಿದರೆ ಅದಕ್ಕೆ ಪ್ರಯೋಗಾಲಯವಿದೆ, ಗ್ಯಾರಂಟಿ ಕಾರ್ಡಿದೆ, ಬಣ್ಣದ ಪುಸ್ತಿಕೆಯಿದೆ. ಇದೇ ಕೆಲಸವನ್ನು ರಾಮನಗರದ ಗ್ಯಾರೇಜಿನವನೊಬ್ಬ ಗುಜರಿ ಜೀಪಿನ ಎಂಜಿನ್ ಇಳಿಸಿ ಮಾಡಿದರೆ ಅದು ಜುಗಾಡ್. ಪತ್ರಿಕೆಯಲ್ಲಿ ಒಂದು ಫೋಟೊ, ಊರಲ್ಲಿ ನಾಲ್ಕು ದಿನದ ಬೆರಗು, ಆಮೇಲೆ ಅಧಿಕಾರಿಗಳ ನೋಟಿಸು. ಈ ಎರಡರ ನಡುವೆ ಒಂದು ದಾರಿ ಇರಬೇಕು, ಅದನ್ನು ಸರ್ಕಾರವೇ ತೆರೆಯಬೇಕು ಎಂಬುದು ಈ ಬರಹದ ವಾದ. ಜನರನ್ನು ಸಾಗಿಸುವ ದೋಣಿಗಲ್ಲ. ಕೆರೆಯ ಕಳೆ ಎಳೆಯುವ, ಹೂಳಿನ ಪಂಪ್ ಓಡಿಸುವ ದುಡಿಮೆಯ ದೋಣಿಗೆ.

ಬಿಡದಿಯ ಹೆಸರು ಇಲ್ಲಿ ಬರುವುದು ಟೊಯೊಟಾ ಒಂದರಿಂದಲೇ ಅಲ್ಲ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪು, ನಾಝಲ್ ಮಾಡುತ್ತ ಬೆಳೆದ ಮೈಕೋ, ಈಗಿನ ಬಾಷ್, ತನ್ನ ತಯಾರಿಕೆಯನ್ನು ಬಿಡದಿಗೆ ತಂದಿತು. ಟೊಯೊಟಾದ ಬಿಡಿಭಾಗಗಳ ಘಟಕ ಇಲ್ಲೇ ಆಕ್ಸೆಲ್, ಗೇರ್ ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್ ಮಾಡುತ್ತದೆ. 2007ರಿಂದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಹಳ್ಳಿಯ ಹುಡುಗರಿಗೆ ವೆಲ್ಡಿಂಗ್, ಪೇಂಟಿಂಗ್, ಜೋಡಣೆ ಕಲಿಸುತ್ತಿದೆ. ಮೈಸೂರು ರಸ್ತೆಯುದ್ದಕ್ಕೂ ಲೇತ್ ಅಂಗಡಿಗಳು, ಪಂಪ್ ರಿಪೇರಿಯವರು. ಸಿಗದ ಬಿಡಿಭಾಗ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ. ಕಬ್ಬಿಣ ಬಲ್ಲ ಕೈಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ.

ಜೀಪಿಗೂ ಕೊರತೆಯಿಲ್ಲ. ಯಾವುದೇ ತಾಲ್ಲೂಕು ಕಚೇರಿಯ ಹಿಂಭಾಗಕ್ಕೆ ಹೋದರೆ ಗಾಳಿ ಇಳಿದ ಚಕ್ರದ ಮೇಲೆ ಕೂತ ಒಂದೆರಡು ಜೀಪು ಕಂಡಾವು. ಬೀಟೆ ಬಣ್ಣವೋ ಬಿಳಿಯೋ ತಿಳಿಯದಷ್ಟು ಧೂಳು, ಸೀಟಿನ ಸ್ಪಂಜಿನಲ್ಲಿ ಬೆಕ್ಕಿನ ಸಂಸಾರ. ಕೇಂದ್ರ ಸಾರಿಗೆ ಸಚಿವಾಲಯದ ಅಧಿಸೂಚನೆಯಂತೆ 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿತು. ಸೇನೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಅವುಗಳನ್ನು ನೋಂದಾಯಿತ ಗುಜರಿ ಘಟಕಗಳ ಮೂಲಕವೇ ವಿಲೇವಾರಿ ಮಾಡಬೇಕು. ಹೊಗೆಯುಗುಳುವ ಗಾಡಿಗಳನ್ನು ರಸ್ತೆಯಿಂದ ತೆಗೆಯುವ ಉದ್ದೇಶ ಸರಿಯಾದದ್ದೇ. ಆದರೆ ಮೈಲೇಜು ಕಡಿಮೆ ಓಡಿದ, ಬೋರು ಸವೆಯದ ಎಂಜಿನ್ನು, ಗೇರು, ಆಕ್ಸೆಲ್ ಹೌಸಿಂಗುಗಳೂ ತಗಡಿನ ಜೊತೆಗೇ ಕುಲುಮೆಯ ದಾರಿ ಹಿಡಿಯುವುದು ಅನಿವಾರ್ಯವೇನಲ್ಲ.

ಯಾವ ಎಂಜಿನ್ ಎಂಬುದು ಮುಖ್ಯ. ಫಾರ್ಚೂನರ್‌ನಂಥ ಹೊಸ ಕಾಲದ ಎಂಜಿನ್ ಕಂಪ್ಯೂಟರ್ ಇಲ್ಲದೆ ಉಸಿರಾಡುವುದಿಲ್ಲ. ಹತ್ತಾರು ಸೆನ್ಸರು, ಕೀಲಿಯನ್ನು ಗುರುತಿಸುವ ಚಿಪ್ಪು, ಕೊಂಚ ನೀರು ಬೆರೆತ ಡೀಸೆಲ್ಲಿಗೂ ಕೈಕೊಡುವ ಇಂಜೆಕ್ಟರು. ಟೊಯೊಟಾ ಅದನ್ನು ದೋಣಿಗೆ ಹಾಕಬಲ್ಲದು. ಗ್ಯಾರೇಜಿಗೆ ಅದು ಬೇಡದ ತಲೆನೋವು. ಇಲ್ಲಿ ಹೊಂದುವುದು ಹಳೆಯ ಮಹೀಂದ್ರ ಡಿಐ. ಕಮಾಂಡರ್, ಮಾರ್ಷಲ್, ಮೊದಮೊದಲ ಬೊಲೆರೊಗಳಲ್ಲಿದ್ದ ಆ 2523 ಸಿಸಿಯ ಎಂಜಿನ್ ಸುಮಾರು 60 ಅಶ್ವಶಕ್ತಿಯದು, ಎರಕದ ಕಬ್ಬಿಣದ ಗಟ್ಟಿ ಮೈ, ಯಾಂತ್ರಿಕ ಪಂಪು. ಒಮ್ಮೆ ಶುರುವಾದರೆ ಬ್ಯಾಟರಿಯ ಹಂಗಿಲ್ಲ. ಕನಕಪುರದಿಂದ ಮಾಗಡಿಯವರೆಗೆ ಇದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ಕು ಪ್ರತಿ ಹೋಬಳಿಯಲ್ಲೂ ಸಿಗುತ್ತಾನೆ.

ಮಾರುತಿ ಜಿಪ್ಸಿಯ ಅಭಿಮಾನಿಗಳು ಇಲ್ಲಿ ಮುನಿಸಿಕೊಳ್ಳಬಹುದು. ಜಿಪ್ಸಿ ಹಗುರ, ಅದರ ಎಂಜಿನ್ ಇನ್ನೂ ಹಗುರ. ಸುಜುಕಿ 1990ರ ದಶಕದ ಕೊನೆಗೆ ತಂದ 70 ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟರಿನ ಗಾತ್ರ 1298 ಸಿಸಿ. ಜಿಪ್ಸಿ ಕಿಂಗ್‌ನ ಎಂಜಿನ್ನಿನದೂ ಅಷ್ಟೇ. ಆದರೂ ಬೇಡ ಎನ್ನಲು ಕಾರಣ ಪೆಟ್ರೋಲು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ರಸ್ತೆಯ ಗಾಡಿಯಲ್ಲಿ ಸೋರಿದ್ದು ಕೆಳಗಿಳಿದು ಚದುರಿಹೋಗುತ್ತದೆ. ದೋಣಿಯಲ್ಲಿ ಹೋಗಲು ಜಾಗವಿಲ್ಲದೆ ತಳದಲ್ಲಿ ಮಡುಗಟ್ಟುತ್ತದೆ. ಕಾರಿನ ಸ್ಟಾರ್ಟರು, ಡಿಸ್ಟ್ರಿಬ್ಯೂಟರು ಕಿಡಿ ಹಾರಿಸುವಂಥವು. ದೋಣಿಗೆಂದೇ ಮಾಡಿದ ಭಾಗಗಳಲ್ಲಿ ಆ ಕಿಡಿ ಹೊರಬರದಂತೆ ಮುಚ್ಚಿರುತ್ತಾರೆ, ಎಂಜಿನ್ ಶುರುಮಾಡುವ ಮುನ್ನ ಆವಿ ಹೊರದೂಡಲು ಫ್ಯಾನು ಇಟ್ಟಿರುತ್ತಾರೆ. ಗ್ಯಾರೇಜಿನ ಪ್ರಯೋಗದಲ್ಲಿ ಮೊದಲು ಕೈಬಿಟ್ಟುಹೋಗುವುದು ಇಂಥವೇ.

ಇನ್ನು ಕೆಲಸದ ವಿಚಾರ. ಎಂಜಿನ್ ಓಡಿಸುವುದು ಈ ಕಸುಬಿನಲ್ಲಿ ಸುಲಭದ ಪಾಲು. ರಸ್ತೆಯಲ್ಲಿ ಜೀಪು ಬಹುಪಾಲು ಹೊತ್ತು ತನ್ನ ತ್ರಾಣದ ಸಣ್ಣ ಪಾಲನ್ನಷ್ಟೇ ಬಳಸುತ್ತದೆ; ಇಳಿಜಾರಿನಲ್ಲಿ ವಿಶ್ರಾಂತಿ, ಸಿಗ್ನಲ್ಲಿನಲ್ಲಿ ವಿಶ್ರಾಂತಿ. ನೀರಿನಲ್ಲಿ ಇಳಿಜಾರೇ ಇಲ್ಲ. ಅಲ್ಲಿ ಎಂಜಿನ್ನಿನ ಪಾಡು ಶಿರಾಡಿ ಘಾಟಿಯನ್ನು ಕೊನೆಯಿಲ್ಲದೆ ಹತ್ತುತ್ತಿರುವ ಲಾರಿಯದು. ಡೀಸೆಲ್ಲಿನ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಚಕ್ರ ತಿರುಗಿಸುತ್ತದೆ, ಇನ್ನೊಂದು ಭಾಗ ಸೈಲೆನ್ಸರಿನಲ್ಲಿ ಹೋಗುತ್ತದೆ, ಉಳಿದದ್ದನ್ನು ರೇಡಿಯೇಟರು ಹೊರಹಾಕಬೇಕು. ಮುಚ್ಚಿದ ದೋಣಿಯ ಹೊಟ್ಟೆಯಲ್ಲಿ ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರಬೇಕು? ಹಾಗೆಂದು ಕೆರೆಯ ನೀರನ್ನೇ ಎಂಜಿನ್ನಿನೊಳಗೆ ಹರಿಸಿದರೆ ಕೆಸರು, ಪಾಚಿ, ಜೊಂಡು ಒಳಹೊಕ್ಕು ನೀರಿನ ದಾರಿ ಕಟ್ಟಿ ಹೆಡ್ ಗ್ಯಾಸ್ಕೆಟ್ಟು ಹೋಗುತ್ತದೆ. ಬಲ್ಲವರು ಅನುಸರಿಸುವುದು ಎರಡು ದಾರಿ. ಎಂಜಿನ್ನಿನ ಶುದ್ಧ ನೀರನ್ನು ದೋಣಿಯ ತಳಕ್ಕೆ ಬೆಸೆದ ಪೈಪಿನಲ್ಲಿ ಸುತ್ತಿಸಿ, ಹೊರಗಿನ ನೀರಿನಿಂದಲೇ ತಣಿಸುವುದು ಒಂದು. ಎಂಜಿನ್ನನ್ನು ತೆರೆದ ಹಲಗೆಯ ಮೇಲಿಟ್ಟು, ಅದರ ರೇಡಿಯೇಟರು, ಫ್ಯಾನನ್ನೇ ನಂಬುವುದು ಇನ್ನೊಂದು. ನಿಂತಲ್ಲೇ ನಿಂತು ರಾಗಿ ಬಡಿಯುವ ಯಂತ್ರ ಓಡಿಸುವ ಟ್ರ್ಯಾಕ್ಟರಿಗೆ ಸಾಲುವ ತಂಪು, ಅರೆಹೊಟ್ಟೆಯಲ್ಲಿ ದುಡಿಯುವ ಜೀಪಿನ ಎಂಜಿನ್ನಿಗೂ ಸಾಕು.

ಕಾಡುಮೇಡಿನ ಗಾಡಿಗೆ ಇನ್ನೊಂದು ಅನುಕೂಲವಿದೆ, ಸಾಮಾನ್ಯ ಕಾರಿಗಿಲ್ಲದ್ದು. ದೋಣಿಯ ಫ್ಯಾನು, ಅಂದರೆ ನೀರು ತಳ್ಳುವ ಪ್ರೊಪೆಲ್ಲರು, ನಿಧಾನ ತಿರುಗಿದಷ್ಟೂ ಭಾರದ ಕೆಲಸಕ್ಕೆ ಒಳ್ಳೆಯದು. ಎಂಜಿನ್ನಿನ ವೇಗ ಇಳಿಸಲು ದೋಣಿಗೆ ಪ್ರತ್ಯೇಕ ಗೇರು ಬೇಕು, ಅದು ದುಬಾರಿ. ಫೋರ್ ವೀಲ್ ಜೀಪಿನಲ್ಲಿ ಆ ಗೇರು ಮೊದಲೇ ಇದೆ. ಮಹೀಂದ್ರದಂಥ ವಿಲ್ಲೀಸ್ ವಂಶದ ಜೀಪುಗಳ ಟ್ರಾನ್ಸ್‌ಫರ್ ಕೇಸ್ ಲೋ ಗೇರಿನಲ್ಲಿ ವೇಗವನ್ನು 2.46 ಪಟ್ಟು ಇಳಿಸುತ್ತದೆ. ಜಿಪ್ಸಿ ಕಿಂಗ್‌ನದು 2.268 ಪಟ್ಟು. ಬೆಟ್ಟ ಹತ್ತುವ ಗಾಡಿಯಾದ್ದರಿಂದ ಓರೆಯಾಗಿ ನಿಂತರೂ ಎಂಜಿನ್ ಆಯಿಲ್ಲು ಪಂಪಿಗೆ ಸಿಗುವಂತೆ ಚೇಂಬರಿನ ರಚನೆಯಿದೆ. ಅಲುಗುವ ದೋಣಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಇಲ್ಲದಿರುವುದು ಒಂದು: ಫ್ಯಾನು ನೀರನ್ನು ಹಿಂದೆ ನೂಕುವಾಗ ಶಾಫ್ಟು ಅಷ್ಟೇ ಬಲದಿಂದ ಮುಂದೆ ನೂಕುತ್ತದೆ. ಆ ನೂಕನ್ನು ತಡೆಯಲು ಜೀಪಿನ ಗೇರ್ ಬಾಕ್ಸಿನ ಬೇರಿಂಗ್ ಹುಟ್ಟಿಲ್ಲ. ನಡುವೆ ಪ್ರತ್ಯೇಕ ಥ್ರಸ್ಟ್ ಬೇರಿಂಗ್ ಕೂರಿಸಿ, ಆ ಬಲವನ್ನು ದೋಣಿಯ ಮೈಗೇ ದಾಟಿಸಬೇಕು. ಅದನ್ನು ಮರೆತವರ ಗೇರ್ ಬಾಕ್ಸು ಹೆಚ್ಚು ದಿನ ಬಾಳುವುದಿಲ್ಲ.

ಇಷ್ಟೆಲ್ಲ ಆದಮೇಲೆ ಸಣ್ಣ ದೋಣಿಗೆ ಇಷ್ಟು ದೊಡ್ಡ ಎಂಜಿನ್ ಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ಪ್ರಾಮಾಣಿಕ ಉತ್ತರ, ಬೇಡ. ನೀರು ಸೀಳಿಕೊಂಡು ಸಾಗುವ ಇಪ್ಪತ್ತು ಅಡಿ ದೋಣಿಯ ಸಹಜ ವೇಗದ ಮಿತಿ ಗಂಟೆಗೆ ಸುಮಾರು 11 ಕಿ.ಮೀ. ಒಂದೂವರೆ ಟನ್ನಿನ ದೋಣಿಗೆ ಆ ವೇಗ ಬರಲು ಎಂಟು-ಹತ್ತು ಅಶ್ವಶಕ್ತಿ ಸಾಕು. ಅದಕ್ಕಿಂತ ಹೆಚ್ಚು ತುಳಿದರೆ ಏಳುವುದು ಅಲೆ, ಖಾಲಿಯಾಗುವುದು ಡೀಸೆಲ್ಲು. ಜೀಪಿನ ಎಂಜಿನ್ನೊಂದೇ ಇನ್ನೂರು ಕೆ.ಜಿ. ಆಸುಪಾಸು ತೂಗುತ್ತದೆ; ಗೇರು ಸೇರಿದರೆ ಇನ್ನೂ ಹೆಚ್ಚು. ಕಣ್ವ ಜಲಾಶಯದಲ್ಲಿ, ಹಾರೋಬೆಲೆಯಲ್ಲಿ ಬಲೆ ಬಿಡುವವರ ಹರಿಗೋಲಿಗೆ ಇದನ್ನು ಹಾಕುವ ಮಾತೇ ಇಲ್ಲ. ಅವರಿಗೆ ಏನಾದರೂ ಬೇಕಿದ್ದರೆ ಅದು ಕೈಯಲ್ಲಿ ಹೊತ್ತೊಯ್ಯಬಹುದಾದ ಸಣ್ಣ ಮೋಟರು. ಪ್ರವಾಹದಲ್ಲಿ ಜನರನ್ನು ಕಾಪಾಡಲೂ ಇದು ಒದಗದು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದಲ್ಲಿ ಭಕ್ಷಿ ಕೆರೆ ಉಕ್ಕಿ ಹೆದ್ದಾರಿ ಮುಳುಗಿದಾಗ, ಮರುತಿಂಗಳು ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳಿಂದ ಜನ ಟ್ರ್ಯಾಕ್ಟರು, ದೋಣಿ ಹತ್ತಿ ಹೊರಬಂದಾಗ ಬೇಕಾದದ್ದು ನಾಲ್ಕು ಜನ ಎತ್ತಿ ನೀರಿಗಿಡಬಹುದಾದ ರಬ್ಬರ್ ದೋಣಿ.

ತೂಕ ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಸೇನೆಯೇ ಸಾಕ್ಷಿ. ಎರಡನೇ ಮಹಾಯುದ್ಧದಲ್ಲಿ ಫೋರ್ಡ್ ಕಂಪನಿ ಜೀಪಿನ ಎಂಜಿನ್ನಿಗೆ ದೋಣಿಯ ಮೈ ತೊಡಿಸಿ ಜಿಪಿಎ ಎಂಬ ನೆಲ-ಜಲದ ಗಾಡಿ ಮಾಡಿತು. ಹನ್ನೆರಡು ಸಾವಿರಕ್ಕೂ ಹೆಚ್ಚು ತಯಾರಾದವು. ಎಂಜಿನ್ನಿನಲ್ಲಿ ದೋಷವಿರಲಿಲ್ಲ. ಗಾಡಿ ಭಾರವಾಗಿ, ಅಂಚು ನೀರಿನ ಮಟ್ಟಕ್ಕೆ ತೀರ ಹತ್ತಿರವಾಗಿ, ಸ್ವಲ್ಪ ಅಲೆ ಎದ್ದರೂ ನೀರು ಒಳನುಗ್ಗುತ್ತಿತ್ತು. 1943ರಲ್ಲಿ ತಯಾರಿಕೆ ನಿಂತಿತು. ಅಂಥದ್ದೊಂದು ಜಿಪಿಎಯನ್ನು 1946ರಲ್ಲಿ ಭಾರತದ ವಾಯುನೆಲೆಯೊಂದರಲ್ಲಿ ಕಂಡ ಆಸ್ಟ್ರೇಲಿಯಾದ ಎಂಜಿನಿಯರ್ ಬೆನ್ ಕಾರ್ಲಿನ್, ಇದರಲ್ಲಿ ಪ್ರಪಂಚ ಸುತ್ತಬಹುದು ಎಂದುಕೊಂಡ. ಸುತ್ತಿಯೂಬಿಟ್ಟ. 1950ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಿಟ್ಟು ಅಟ್ಲಾಂಟಿಕ್ ದಾಟಿದ, ಮುಂದೆ ಭಾರತವನ್ನೂ ಹಾದು, 1958ರ ಮೇ ತಿಂಗಳಲ್ಲಿ ಮಾಂಟ್ರಿಯಲ್ ಮುಟ್ಟಿದ. ಆ ಗಾಡಿಗೆ ಆತ ಇಟ್ಟ ಹೆಸರು ‘ಹಾಫ್ ಸೇಫ್’. ಹುಚ್ಚು ಸಾಹಸವೆಂದು ಮೆಚ್ಚಬಹುದು, ಮಾದರಿಯೆಂದು ಹಿಡಿಯಬಾರದು.

ಮಾದರಿ ಬೇಕಾದರೆ ಪೂರ್ವಕ್ಕೆ ನೋಡಬೇಕು. ಥಾಯ್ಲೆಂಡಿನ ಉದ್ದಬಾಲದ ದೋಣಿಗಳಲ್ಲಿ ಹಳೆಯ ಕಾರು, ಲಾರಿಗಳ ಎಂಜಿನ್ನುಗಳು ಹಿಂಬದಿಯ ಗೂಟದ ಮೇಲೆ ತಕ್ಕಡಿಯಂತೆ ಕೂತಿರುತ್ತವೆ. ಉದ್ದನೆಯ ಶಾಫ್ಟು ನೇರ ನೀರಿಗೆ. ನಿಲ್ಲಬೇಕಾದರೆ ನಾವಿಕ ಫ್ಯಾನನ್ನೇ ನೀರಿನಿಂದ ಮೇಲೆತ್ತುತ್ತಾನೆ. ಬಾಂಗ್ಲಾದೇಶದಲ್ಲಿ 1980ರ ದಶಕದಿಂದ ಕೊಳವೆಬಾವಿಯ ಡೀಸೆಲ್ ಎಂಜಿನ್ನುಗಳು ನಾಡದೋಣಿ ಹತ್ತಿ ಆ ದೇಶದ ನದಿ ಸಾರಿಗೆಯನ್ನೇ ಬದಲಿಸಿದವು. ಸುಂದರಬನದ ಭಟ್‌ಭಟಿ ದೋಣಿಯ ಎದೆಬಡಿತವೂ ಅಂಥದೇ ಎಂಜಿನ್. ನಮ್ಮ ಕರಾವಳಿಗೂ ಇದು ಹೊಸತಲ್ಲ: ಮಲ್ಪೆ, ಮಂಗಳೂರಿನ ಮೀನುಗಾರಿಕೆ ಬೋಟುಗಳಲ್ಲಿ ದುಡಿದ ಅಶೋಕ್ ಲೇಲ್ಯಾಂಡ್ ಎಂಜಿನ್ನುಗಳು ಮೂಲದಲ್ಲಿ ಲಾರಿಯವು, ಕಂಪನಿಯೇ ಸಮುದ್ರಕ್ಕೆಂದು ಮಾರ್ಪಡಿಸಿದವು.

ಒಳನಾಡಿನ ಕೆರೆಯ ಸಮಸ್ಯೆ ಬೇರೆ. ಇಲ್ಲಿ ಅಲೆಯಿಲ್ಲ, ಉಪ್ಪಿಲ್ಲ, ಕಳೆಯಿದೆ. ಅಂತರಗಂಗೆ ಹಬ್ಬಿದ ಕೆರೆಗೆ ಫ್ಯಾನಿನ ದೋಣಿ ಇಳಿಸಿದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಬೇರಿನ ಗಂಟು ಫ್ಯಾನಿಗೆ ಸುತ್ತಿ ಎಂಜಿನ್ ನಿಲ್ಲುತ್ತದೆ. ಆದ್ದರಿಂದಲೇ ಕಳೆ ತೆಗೆಯುವ ಯಂತ್ರಗಳು ಬಹುಪಾಲು ಹಲಗೆ ಜಡಿದ ಚಕ್ರಗಳಿಂದ ನೀರು ತಳ್ಳುತ್ತವೆ. ಜೀಪು ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ, ಮತ್ತು ಎಂಜಿನ್ನಷ್ಟೇ ಅಲ್ಲ, ಹಿಂದಿನ ಹೌಸಿಂಗೂ ಸೇರಿ. ಉಕ್ಕಿನ ಎರಡು ತೇಲುಪೆಟ್ಟಿಗೆಗಳ ಮೇಲೆ ಚಾಸಿಯ ತುಂಡನ್ನು ಕೂರಿಸಿ, ಹಿಂದಿನ ಆಕ್ಸೆಲನ್ನು ನೀರಿನ ಮಟ್ಟಕ್ಕಿಂತ ಮೇಲೆ ಅಡ್ಡಲಾಗಿ ಇಟ್ಟು, ಟೈರಿನ ಜಾಗದಲ್ಲಿ ಹಲಗೆ ಚಕ್ರ ಬಿಗಿಯಬೇಕು. ಫ್ಯಾನಿಲ್ಲ, ಆದ್ದರಿಂದ ಶಾಫ್ಟಿನ ನೂಕೂ ಇಲ್ಲ. ಚಕ್ರದ ಬಲವನ್ನು ಹೊರಲು ಹೌಸಿಂಗ್ ಹುಟ್ಟಿನಿಂದಲೇ ಸಿದ್ಧ. ದೋಣಿಯ ತಳ ತೂತು ಮಾಡಬೇಕಿಲ್ಲ. ಗದ್ದೆಗೆ ಕೇಜ್ ವೀಲ್ ಮಾಡಿಕೊಡುವ ವೆಲ್ಡರಿಗೆ ಆ ಚಕ್ರ ಎರಡು ದಿನದ ಕೆಲಸ.

ಲೆಕ್ಕವೂ ಕೂಡಿಬರುತ್ತದೆ. ವಿಲ್ಲೀಸ್ ಮಾದರಿಯ ಹಳೆಯ ಜೀಪಿನ ಮೊದಲ ಗೇರು ವೇಗವನ್ನು ಸುಮಾರು 2.8 ಪಟ್ಟು ಇಳಿಸುತ್ತದೆ, ಟ್ರಾನ್ಸ್‌ಫರ್ ಕೇಸಿನ ಲೋ 2.46 ಪಟ್ಟು, ಹೌಸಿಂಗಿನ ಕ್ರೌನ್-ಪಿನಿಯನ್ 5.38 ಪಟ್ಟು. ಮೂರನ್ನೂ ಗುಣಿಸಿದರೆ ಮೂವತ್ತೇಳು. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಚಕ್ರ ತಿರುಗುವುದು ಸುಮಾರು 40 ಸುತ್ತು. ನೀರನ್ನು ಬರಿದೆ ಚಿಮ್ಮಿಸದೆ ತಳ್ಳಲು ಹಲಗೆ ಚಕ್ರಕ್ಕೆ ಬೇಕಾದ ಮಂದಗತಿ ಅದೇ ಆಸುಪಾಸಿನದು. ಕಳೆಯಿಲ್ಲದ ತೆರವಿನಲ್ಲಿ ಎರಡನೇ ಗೇರು ಹಾಕಿಕೊಳ್ಳಬಹುದು, ಹಿಂದೆ ಸರಿಯಲು ರಿವರ್ಸ್ ಇದ್ದೇ ಇದೆ. ಎಡ ಚಕ್ರದ ಬ್ರೇಕು, ಬಲ ಚಕ್ರದ ಬ್ರೇಕು ಬೇರೆ ಬೇರೆ ಪೆಡಲಿಗೆ ಕೊಟ್ಟರೆ ಚುಕ್ಕಾಣಿಯ ಕೆಲಸವೂ ಆಯಿತು. ಟ್ರ್ಯಾಕ್ಟರ್ ಓಡಿಸಿದವರಿಗೆ ಈ ಅಭ್ಯಾಸ ಹೇಳಿಕೊಡಬೇಕಿಲ್ಲ. ಮುಂದಿನ ಆಕ್ಸೆಲಿಗೆ ಹೋಗುತ್ತಿದ್ದ ಶಾಫ್ಟು ಬಿಡುವಾಗಿ ಉಳಿಯುತ್ತದೆ. ಅದರಿಂದ ಕಳೆ ಎಳೆಯುವ ಸರಪಳಿಯನ್ನೋ ಹೂಳಿನ ಪಂಪನ್ನೋ ಓಡಿಸಬಹುದು.

ಕೊರತೆಗಳಿಲ್ಲವೆಂದಲ್ಲ. ಒಂದು ಚಕ್ರ ನೀರಿನಿಂದ ಮೇಲೆದ್ದರೆ ಡಿಫರೆನ್ಶಿಯಲ್ ಎಲ್ಲ ವೇಗವನ್ನೂ ಅದಕ್ಕೇ ಕೊಟ್ಟು ಇನ್ನೊಂದನ್ನು ಸುಮ್ಮನೆ ನಿಲ್ಲಿಸುತ್ತದೆ. ಆಯಿಲ್ ಸೀಲು ಸವೆದರೆ ಗೇರ್ ಆಯಿಲ್ಲು ಕೆರೆಗಿಳಿಯುತ್ತದೆ, ಎಂಜಿನ್ನಿನ ಕೆಳಗೆ ತಟ್ಟೆ ಇಡದಿದ್ದರೆ ಡೀಸೆಲ್ಲೂ ಇಳಿಯುತ್ತದೆ. ಸುತ್ತುವ ಹಲಗೆಗಳಿಗೆ ಗಟ್ಟಿ ಜಾಲರಿಯ ಮರೆ ಬೇಕು. ಕಳೆ ಬಿಡಿಸಲು ಕೈ ಹಾಕಿದವರ ಗತಿ ಏನೆಂದು ಕಬ್ಬಿನ ಗಾಣ ನೋಡಿದವರೆಲ್ಲ ಬಲ್ಲರು. ಕುಡಿಯುವ ನೀರಿನ ಜಲಾಶಯದಲ್ಲಿ ಇಂಥದ್ದನ್ನು ಇಳಿಸಲೇಬಾರದು.

ಹಾಗಾದರೆ ಎಲ್ಲಿ? ಬಿಡದಿಯವರ ಕಣ್ಣ ಮುಂದೆಯೇ ಬೈರಮಂಗಲ ಕೆರೆಯಿದೆ. ವೃಷಭಾವತಿಗೆ 1940ರ ದಶಕದಲ್ಲಿ ಅಡ್ಡ ಕಟ್ಟಿ ನೀರಾವರಿಗೆಂದು ಮಾಡಿದ ಆ ಜಲಾಶಯ ಇಂದು ಬೆಂಗಳೂರಿನ ಕೊಳಚೆಯನ್ನು, ಕಾರ್ಖಾನೆಗಳ ತ್ಯಾಜ್ಯವನ್ನು ಹೊತ್ತು ನೊರೆಯುಕ್ಕಿಸುತ್ತಿದೆ. ಕೊಳಚೆಯ ಸಾರಜನಕ, ರಂಜಕವನ್ನು ಉಂಡು ಬೆಳೆಯುವ ಅಂತರಗಂಗೆಯನ್ನು ಒಮ್ಮೆ ಎಳೆದರೆ ತಿಂಗಳೊಳಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ಯಾವ ದೋಣಿಯೂ ಬೈರಮಂಗಲವನ್ನು ಉಳಿಸದು. ಅದಕ್ಕೆ ಉಪಾಯ ಮೇಲ್ಗಡೆ, ಬೆಂಗಳೂರಿನ ಶುದ್ಧೀಕರಣ ಘಟಕಗಳಲ್ಲಿದೆ. ಕಳೆ ದೋಣಿಯ ಲಾಭ ಕಾಣುವುದು ಕೊಳಚೆಯ ಹರಿವು ನಿಂತ ಅಥವಾ ತಗ್ಗಿದ ಸಣ್ಣ ಊರಕೆರೆಗಳಲ್ಲಿ. ಅಂಥ ಕೆರೆಗೆ ಗುತ್ತಿಗೆದಾರರ ದೊಡ್ಡ ಯಂತ್ರ ಬರುವುದಿಲ್ಲ, ಬಂದರೂ ಬಾಡಿಗೆ ಕೊಡಲು ಗ್ರಾಮ ಪಂಚಾಯಿತಿಗೆ ಆಗದು. ಈಗ ನಡೆಯುತ್ತಿರುವುದು ಎದೆಮಟ್ಟದ ನೀರಿನಲ್ಲಿ ಕೂಲಿಯಾಳುಗಳು ಇಳಿದು ಕೈಯಲ್ಲಿ ಎಳೆಯುವ ಪದ್ಧತಿ. ಹಾವು, ಗಾಜಿನ ಚೂರು, ಚರ್ಮದ ಕಾಯಿಲೆ ಎಲ್ಲವೂ ಅವರ ಪಾಲಿಗೆ. ಸವೆದ ಜೀಪಿನ ಪರ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ.

ಜನರನ್ನು ಕೂರಿಸುವ ದೋಣಿಗೆ ಮಾತ್ರ ಈ ವಾದ ಅನ್ವಯಿಸದು; ಇಲ್ಲಿ ಸಡಿಲ ಕೂಡದು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಗುಚಿ 22 ಜನರನ್ನು ಬಲಿ ತೆಗೆದುಕೊಂಡ ವಿಹಾರದೋಣಿ, ಮೀನುಗಾರಿಕೆಯ ಬೋಟನ್ನು ಮಾರ್ಪಡಿಸಿ ಮಾಡಿದ್ದು. ಕಾರವಾರದ ಕೂರ್ಮಗಡದ ಬಳಿ 2019ರ ಜನವರಿ 21ರಂದು ದೋಣಿ ಮಗುಚಿ 16 ಜನ ತೀರಿಕೊಂಡರು. ಎರಡೂ ಕಡೆ ಕೊಂದದ್ದು ಎಂಜಿನ್ ಅಲ್ಲ. ಮಿತಿಮೀರಿದ ಭಾರ, ತೊಡದ ಲೈಫ್ ಜಾಕೆಟ್ಟು, ಕೇಳುವವರಿಲ್ಲದ ವ್ಯವಸ್ಥೆ. ಪ್ರಯಾಣಿಕರ ದೋಣಿ ಬೇಕಾದರೆ ಕೇರಳವೇ ಬೇರೊಂದು ದಾರಿ ತೋರಿಸಿದೆ. ವೈಕಂನಲ್ಲಿ 2017ರ ಜನವರಿಯಿಂದ ಓಡುತ್ತಿರುವ ‘ಆದಿತ್ಯ’ 75 ಜನರ ಸೌರದೋಣಿ. ಕನಕಪುರದ ಕಡೆಯ ಸಂಗಮದಲ್ಲಿ ಹೊಳೆ ದಾಟಲು ಮುಂದೆಂದಾದರೂ ಯಂತ್ರ ತರುವುದಾದರೆ ಅಂಥದ್ದು ಬರಲಿ, ಜೀಪಿನ ಹೊಗೆ ಬೇಡ.

ಕಾನೂನಿನ ಮಾತಿಗೆ ಬಂದರೆ, 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯಡಿ ಯಂತ್ರದಿಂದ ಓಡುವ ದೋಣಿಗೆ ತಪಾಸಣೆ, ನೋಂದಣಿ, ವಿಮೆ ಬೇಕು. ಬೇಕಾದದ್ದೇ. ಆದರೆ ತಪಾಸಣೆ ಬಲ್ಲ ಅಧಿಕಾರಿಗಳ ನೆಲೆಯಿರುವುದು ಕಾರವಾರ, ಮಂಗಳೂರಿನ ಕಡೆ. 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ರಾಮನಗರ ಜಿಲ್ಲೆಯ ಒಂದು ಪಂಚಾಯಿತಿ, ಕೆರೆಯ ಕಳೆ ದೋಣಿಗೆ ಯಾರ ಬಾಗಿಲು ತಟ್ಟಬೇಕು ಎಂದು ಕೇಳಿದರೆ ಸಣ್ಣ ನೀರಾವರಿ ಇಲಾಖೆ, ಆರ್‌ಟಿಒ, ಬಂದರು ಇಲಾಖೆ ಒಬ್ಬರನ್ನೊಬ್ಬರು ತೋರಿಸುವ ಸಂಭವವೇ ಹೆಚ್ಚು. ಉತ್ತರ ಭಾರತದಲ್ಲಿ ಪಂಪ್ ಎಂಜಿನ್ ಹಾಕಿದ ಜುಗಾಡ್ ಬಂಡಿಗಳು ಬಹುಕಾಲ ಹೀಗೇ ಯಾರ ಕಣ್ಣಿಗೂ ಬೀಳದೆ ಓಡಿದವು. 2013ರಲ್ಲಿ ಸುಪ್ರೀಂ ಕೋರ್ಟು ಅವೂ ಮೋಟಾರು ವಾಹನವೇ, ನೋಂದಣಿ ಇಲ್ಲದೆ ಓಡಕೂಡದು ಎಂದಿತು. ಅಷ್ಟರೊಳಗೆ ಅವಕ್ಕೆ ಒಂದು ಸುರಕ್ಷಿತ ಮಾದರಿ ರೂಪಿಸಿಕೊಡುವ ಕೆಲಸವನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ.

ಆ ತಪ್ಪು ಇಲ್ಲಿ ಮರುಕಳಿಸದಿರಲು ಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಗುಜರಿಗೆ ಹೋಗುವ ಸರ್ಕಾರಿ ಜೀಪಿನ ನೋಂದಣಿ ರದ್ದಾಗಿ, ಚಾಸಿ ನಂಬರಿನ ತುಂಡು ನಾಶವಾದ ಮೇಲೆ ಅದರ ಎಂಜಿನ್, ಗೇರು, ಆಕ್ಸೆಲುಗಳನ್ನು ಸರ್ಕಾರಿ ಪಾಲಿಟೆಕ್ನಿಕ್, ಐಟಿಐಗಳಿಗೆ ಗುಜರಿ ಬೆಲೆಗೇ ಕೊಡಬಹುದೆಂಬ ಒಂದು ಸ್ಪಷ್ಟ ಆದೇಶ ಬೇಕು. ಮತ್ತೆ ರಸ್ತೆಗಿಳಿಸಕೂಡದೆಂಬ ಷರತ್ತೂ ಜೊತೆಗಿರಲಿ. ಬಂದರು ಇಲಾಖೆಯ ಸರ್ವೇಯರು ಒಂದೇ ಒಂದು ನಕ್ಷೆಯನ್ನು ಒಪ್ಪಿ ಕೊಡಲಿ: ತೇಲುಪೆಟ್ಟಿಗೆಯ ಅಳತೆ, ತೂಕದ ಮಿತಿ, ಎಂಜಿನ್ನಿನಡಿಯ ತಟ್ಟೆ, ಚಕ್ರದ ಜಾಲರಿ, ಇಬ್ಬರೇ ಹತ್ತಬೇಕೆಂಬ ನಿಯಮ. ಆ ನಕ್ಷೆಯಂತೆ ಮಾಡಿದ ದೋಣಿಗೆ ಪ್ರತಿ ಬಾರಿ ಕರಾವಳಿಯಿಂದ ಅಧಿಕಾರಿ ಬರಬೇಕಾಗುವುದಿಲ್ಲ. ಪಕ್ಕದಲ್ಲೇ ಆಕ್ಸೆಲು, ಪಂಪು ಮಾಡುವ ಕಂಪನಿಗಳಿಗೆ ಸಾಮಾಜಿಕ ಹೊಣೆಗಾರಿಕೆಯ ಹಣ ಪ್ರತಿ ವರ್ಷವೂ ಇರುತ್ತದೆ. ಶಾಲೆಗೆ ಬಣ್ಣ ಬಳಿಯುವುದರ ಜೊತೆಗೆ ಇಂಥದ್ದಕ್ಕೂ ಒಬ್ಬ ಅನುಭವಿ ಫೋರ್‌ಮನ್‌ನನ್ನು ಕೆಲವು ವಾರ ಎರವಲು ಕೊಡಬಹುದು.

ಹಳೆಯ ಡೀಸೆಲ್ಲಿನ ಹೊಗೆಯ ಮಾತು ಪರಿಸರವಾದಿಗಳಿಂದ ಬಂದೇ ಬರುತ್ತದೆ, ಬರಲಿ. ಇಪ್ಪತ್ತು ವರ್ಷದ ಹಿಂದಿನ ಎಂಜಿನ್ನಿಗೆ ಇಂದಿನ ಮಾನದಂಡ ಮುಟ್ಟಲಾಗದು. ದಿನವಿಡೀ ಓಡುವ ಸಾರಿಗೆಗೆ ಈ ಆಕ್ಷೇಪ ನಿರ್ಣಾಯಕ. ವರ್ಷದಲ್ಲಿ ಕೆಲವೇ ವಾರ, ಅದೂ ಅರೆಬಲದಲ್ಲಿ ಓಡುವ ಯಂತ್ರಕ್ಕೆ ಲೆಕ್ಕ ಬೇರೆ. ಹೊಸ ಎಂಜಿನ್ ಎರಕ ಹೊಯ್ಯಲು ಖರ್ಚಾಗುವ ಶಕ್ತಿಯನ್ನೂ ತಕ್ಕಡಿಗೆ ಹಾಕಿ ನೋಡಬೇಕು. ಮುಂದೆ ಬ್ಯಾಟರಿ ಅಗ್ಗವಾದಾಗ ಅದೇ ಆಕ್ಸೆಲಿಗೆ, ಅದೇ ಹಲಗೆ ಚಕ್ರಕ್ಕೆ ವಿದ್ಯುತ್ ಮೋಟರು ಜೋಡಿಸಲು ಅಡ್ಡಿಯೇನಿಲ್ಲ. ತೇಲುಪೆಟ್ಟಿಗೆ, ಹೌಸಿಂಗು ಬದಲಾಗಬೇಕಿಲ್ಲ.

ಪ್ರಯೋಗಕ್ಕೆ ಸಂಕ್ರಾಂತಿ ಕಳೆದು ಮುಂಗಾರಿನೊಳಗಿನ ಅವಧಿ ಒಳ್ಳೆಯದು. ಕೆರೆಯ ನೀರು ತಗ್ಗಿ ದಡದವರೆಗೆ ಟ್ರ್ಯಾಕ್ಟರು ಬರುವಂತಿರುತ್ತದೆ, ಎಳೆದ ಕಳೆಯನ್ನು ಒಣಗಿಸಲು ಬಿಸಿಲಿರುತ್ತದೆ. ಮೊದಲ ದೋಣಿಯಲ್ಲಿ ಸೀಲು ಸೋರಬಹುದು, ಹಲಗೆಗಳ ಸಂಖ್ಯೆ ಹೆಚ್ಚುಕಡಿಮೆಯಾಗಿ ನೀರು ಬರಿದೆ ಚಿಮ್ಮಬಹುದು. ಗಂಟೆಗೆ ಎಷ್ಟು ಡೀಸೆಲ್ ಸುಟ್ಟು ಎಷ್ಟು ಟ್ರೇಲರ್ ಕಳೆ ದಡಕ್ಕೆ ಬಂತು ಎಂಬ ಲೆಕ್ಕವನ್ನು ವಿದ್ಯಾರ್ಥಿಗಳೇ ಬರೆದಿಟ್ಟು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಆ ಲೆಕ್ಕ ಆಳುಗಳ ಕೂಲಿಗಿಂತ ದುಬಾರಿಯೆಂದು ತೋರಿಸಿದರೆ ಜೀಪನ್ನು ಗುಜರಿಗೇ ಕಳಿಸಬಹುದು; ಆಗಲೂ ಅದರ ಕಬ್ಬಿಣದ ಬೆಲೆ ಕಡಿಮೆಯಾಗಿರುವುದಿಲ್ಲ.